ನಂಬರ್ ಪ್ಲೇಟ್ ಕೊಟ್ಟವರ ಪಾರ್ಕಿಂಗ್ ಕಾರ್ಡ್

1990ರ ಜನವರಿಯಲ್ಲಿ ನಾನು ಕುವೈತ್ ನಗರದ ಮಿರ್ಕಾಬಿನಲ್ಲಿದ್ದ ಒಂದು ಕಟ್ಟಡ ಸಾಮಗ್ರಿಗಳ ಸಂಸ್ಥೆಯಲ್ಲಿ ಮಂದೂಬ್ ಆಗಿದ್ದೆ. ಮಂದೂಬ್ ಎಂದರೆ ಸಂಸ್ಥೆಯ ಪರವಾಗಿ ಸರಕಾರಿ ಕಚೇರಿಗಳಿಗೆ ಅಲೆಯುವವನು. ನೌಕರರ ಇಕಾಮಾ, ಅಂದರೆ ವಾಸದ ಪರವಾನಗಿ, ಡ್ರೈವಿಂಗ್ ಲೈಸೆನ್ಸ್, ಗಾಡಿಗಳ ನೋಂದಣಿ ಎಲ್ಲವೂ ನನ್ನ ತಲೆಯ ಮೇಲೆ. ಬೆಳಿಗ್ಗೆ ಫೈಲುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರೆ ಮಧ್ಯಾಹ್ನ ಕೌಂಟರುಗಳು ಮುಚ್ಚುವವರೆಗೂ ಸಾಲಿನಲ್ಲಿ ನಿಲ್ಲುವುದೇ ಉದ್ಯೋಗ. ಉಡುಪಿ ಕಡೆಯವನಾದ ನನಗೆ ತುಳು, ಕನ್ನಡ, ಹಿಂದಿ ಬರುತ್ತಿದ್ದವು; ಅರಬ್ಬಿಯನ್ನು ಕೌಂಟರುಗಳೇ ಕಲಿಸಿದವು. ಸಿಟ್ಟು ನುಂಗುವುದನ್ನೂ ಅವೇ ಕಲಿಸಬೇಕಿತ್ತು, ಅದು ಮಾತ್ರ ನನ್ನ ತಲೆಗೆ ಹತ್ತಲಿಲ್ಲ.

ಹೊಸಬರಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠ ಕುಶಲ ಕೇಳುವುದು. ಅಲ್ಲಿ ಫೈಲು ನೀಡುವ ಮೊದಲು "ಶ್ಲೋನಕ್? ಶ್ಲೋನ್ ಅಲ್ ಅಹಲ್?" ಎನ್ನಬೇಕು. ಹೇಗಿದ್ದೀರಿ, ಮನೆಯವರು ಹೇಗಿದ್ದಾರೆ ಎಂದರ್ಥ. ಆಚೆಯವರು "ಅಲ್‌ಹಮ್ದುಲಿಲ್ಲಾ", ದೇವರ ದಯೆ, ಎನ್ನುತ್ತಾರೆ. ಅಷ್ಟಾದ ಮೇಲೆ ಕೆಲಸದ ಮಾತು. ನಮ್ಮ ಹುಡುಗರು ನೇರ ಫೈಲು ಚಾಚಿ "ಸರ್, ಅರ್ಜೆಂಟ್" ಎಂದು ಕೆಲಸ ಕೆಡಿಸಿಕೊಳ್ಳುತ್ತಿದ್ದರು. ನಾನು ಈ ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಷ್ಟು ಪಳಗಿದ್ದೆ.

ಆ ತಿಂಗಳು ನನ್ನ ಪಾಲಿಗೆ ಬಂದ ವಿಚಿತ್ರ ಕೆಲಸವೆಂದರೆ ನಮ್ಮ ಅಕೌಂಟೆಂಟ್ ಫೆಲಿಕ್ಸ್ ಅವರಿಗೆ ಅಂಗವಿಕಲರ ಪಾರ್ಕಿಂಗ್ ಕಾರ್ಡ್ ಮಾಡಿಸುವುದು. ಫೆಲಿಕ್ಸ್ ಕುಂದಾಪುರದ ಕಡೆಯ ಕೊಂಕಣಿ ಕ್ರೈಸ್ತರು. ನಮ್ಮಲ್ಲಿ ಆ ಸಮುದಾಯದವರನ್ನು ಗೌರವದಿಂದ ಪೊರ್ಬುಗಳು ಎನ್ನುವುದುಂಟು, ನಾನೂ ಹಾಗೆಯೇ ಕರೆಯುತ್ತಿದ್ದೆ. ಮೊದಲು ಅವರು ನಮ್ಮ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಅಮೃತಶಿಲೆಯ ಹಾಸುಗಲ್ಲುಗಳ ರಾಶಿ ಜಾರಿ ಮೈಮೇಲೆ ಬಿದ್ದು ಎರಡು ಕಾಲುಗಳನ್ನೂ ಮೊಣಕಾಲಿನ ಮೇಲಕ್ಕೆ ತೆಗೆಯಬೇಕಾಯಿತು. ನಮ್ಮ ಕಫೀಲ್, ಅಂದರೆ ಸಂಸ್ಥೆಯ ಕುವೈತಿ ಮಾಲೀಕರು, ಅವರನ್ನು ಊರಿಗೆ ಕಳಿಸದೆ ಲೆಕ್ಕಪತ್ರದ ಮೇಜಿಗೆ ಹಾಕಿದರು. ಫೆಲಿಕ್ಸ್ ಶುವೈಖಿನ ಒಂದು ಗ್ಯಾರೇಜಿನಲ್ಲಿ ಸಂಸ್ಥೆ ಕೊಟ್ಟಿದ್ದ ಹಳೆಯ ಕಾರಿಗೆ ಬ್ರೇಕು, ಆಕ್ಸಿಲರೇಟರು ಎರಡನ್ನೂ ಕೈಯಿಂದ ನಡೆಸುವ ಸನ್ನೆಕೋಲು ಹಾಕಿಸಿಕೊಂಡು ಬ್ನೇದ್ ಅಲ್ ಗಾರಿನ ಫ್ಲ್ಯಾಟಿನಿಂದ ತಾವೇ ಓಡಿಸಿಕೊಂಡು ಬರುತ್ತಿದ್ದರು. ನಮ್ಮ ಕಟ್ಟಡದ ಈಜಿಪ್ಟಿನ ಕಾವಲುಗಾರ ಡಿಕ್ಕಿಯಿಂದ ಗಾಲಿಕುರ್ಚಿ ಇಳಿಸಿ ಕೊಟ್ಟರೆ, ತೋಳುಗಳ ಬಲದಿಂದಲೇ ಅದಕ್ಕೆ ಜಾರಿಕೊಳ್ಳುತ್ತಿದ್ದರು.

ತೊಂದರೆ ಇದ್ದದ್ದು ಕಾರು ನಿಲ್ಲಿಸುವ ಜಾಗದ್ದು. ಬಾಗಿಲ ಪಕ್ಕದಲ್ಲೇ ಗಾಲಿಕುರ್ಚಿಯ ಚಿತ್ರ ಬರೆದ ಒಂದು ಜಾಗವಿತ್ತು. ಆದರೆ ಕಾರ್ಡಿಲ್ಲದೆ ಅಲ್ಲಿ ನಿಲ್ಲಿಸಿದರೆ ದಂಡ, ಮತ್ತೆ ಮತ್ತೆ ನಿಲ್ಲಿಸಿದರೆ ಗಾಡಿಯನ್ನೇ ಎಳೆದುಕೊಂಡು ಹೋಗುತ್ತಿದ್ದರು. ಅದು ಬಿಟ್ಟರೆ ದೊಡ್ಡ ರಸ್ತೆಯ ಆಚೆಗಿನ ಮರಳು ಮೈದಾನ. ಅಲ್ಲಿ ಕುರ್ಚಿಯ ಗಾಲಿ ಹೂತು ಹೋಗುತ್ತಿತ್ತು.

"ಪೊರ್ಬುಗಳೇ, ಇಷ್ಟೆಲ್ಲ ಯಾಕೆ? ಆಫೀಸಿನ ಡ್ರೈವರ್ ಹತ್ರ ಕರ್ಕೊಂಡು ಬರ್ಲಿಕ್ಕೆ ಹೇಳುವ," ಎಂದೆ ನಾನು.

"ಬೇಡ ಸದಾನಂದಣ್ಣ. ಊರಿಗೆ ಹೋದ್ರೆ ನಾನು ಮೂಲೆಯಲ್ಲಿ ಇಟ್ಟ ಸಾಮಾನು. ನೆಂಟರು ಬಂದು ಅಯ್ಯೋ ಪಾಪ ಹೇಳಿ ಕಾಫಿ ಕುಡಿದು ಹೋಗ್ತಾರೆ. ಇಲ್ಲಿ ಸ್ಟೀರಿಂಗ್ ಹಿಡಿದು ಕೂತ್ರೆ ನಾನೂ ಎಲ್ಲರ ಹಾಗೆ ಆಫೀಸಿಗೆ ಹೋಗುವ ಜನ," ಎಂದರು. ಅದನ್ನು ಅವರು ನಗುತ್ತಲೇ ಹೇಳಿದ್ದು. ನನಗೆ ನಗು ಬರಲಿಲ್ಲ.

ಕಾರು ಸಂಸ್ಥೆಯ ಹೆಸರಿನಲ್ಲಿತ್ತು. ಸಂಸ್ಥೆಗೆ ಕಾಲಿಲ್ಲದಿರುವುದು ಹೇಗೆ ಎಂದು ಅರ್ಜಿ ವಾಪಸು ಬಂತು. ಕಾರನ್ನು ಅವರ ಹೆಸರಿಗೆ ಮಾಡಿಸಿದೆ. ಆಮೇಲೆ ವೈದ್ಯರ ಮಂಡಳಿಯ ಮುಂದೆ ಖುದ್ದಾಗಿ ಹಾಜರಾಗಬೇಕೆಂದರು. ಅಂಗವಿಕಲರನ್ನು ಪರೀಕ್ಷಿಸುವ ಆ ಮಂಡಳಿ ಕೂರುತ್ತಿದ್ದದ್ದು ಎರಡನೆಯ ಮಹಡಿಯಲ್ಲಿ, ಲಿಫ್ಟು ಕೆಟ್ಟಿತ್ತು! ನಾನೂ ನಮ್ಮ ಚಹಾ ಮಾಡುವ ಬಂಗಾಳಿ ಭಾಯಿಯೂ ಫೆಲಿಕ್ಸರನ್ನು ಕುರ್ಚಿ ಸಮೇತ ಹೊತ್ತುಕೊಂಡು ಹತ್ತಿದೆವು. ಡಾಕ್ಟರು ಪ್ಯಾಂಟಿನ ಮಡಿಸಿದ ತುದಿಗಳನ್ನು ನೋಡಿ, ಬರೆದುಕೊಂಡು, ಕಾರ್ಡಿನ ಅವಧಿ ಒಂದು ವರ್ಷ ಎಂದು ನಮೂದಿಸಿದರು.

"ವರ್ಷದಲ್ಲಿ ಕಾಲು ಚಿಗುರ್ತದಾ ಇವರಿಗೆ?" ಎಂದು ನಾನು ತುಳುವಿನಲ್ಲಿ ಗೊಣಗಿದೆ. ಫೆಲಿಕ್ಸ್ ನಕ್ಕರು. ನಾನು ಏನೆಂದೆ ಎಂದು ಡಾಕ್ಟರು ಕೇಳಿದಾಗ, ನಿಮಗೆ ಧನ್ಯವಾದ ಹೇಳಿದರು ಎಂದು ಫೆಲಿಕ್ಸರೇ ಉತ್ತರಿಸಿಬಿಟ್ಟರು.

ಕೊನೆಯ ಕೌಂಟರಿನಲ್ಲಿದ್ದವರು ಅಬೂ ಫಹದ್ ಎಂಬ ಕುವೈತಿ ಗುಮಾಸ್ತರು. ದಪ್ಪ ದೇಹ, ತಮಾಷೆಯ ಸ್ವಭಾವ. ಕಾರ್ಡಿನ ಮೇಲೆ ಕಾರಿನ ನಂಬರು ಬರೆದು, ಸೀಲು ಹೊಡೆದು, "ವೇಗವಾಗಿ ಓಡಿಸಬೇಡ, ಕಾಲಿಗೆ ಪೆಟ್ಟಾದೀತು," ಎಂದು ಫೆಲಿಕ್ಸರಿಗೆ ಹೇಳಿದರು. ಬೇರೆ ಯಾರಾದರೂ ಅಂದಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಫೆಲಿಕ್ಸ್ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನೋಡಿ ಸುಮ್ಮನಾದೆ. ಮರುದಿನದಿಂದ ಆ ಜಾಗ ಅವರದಾಯಿತು.

ಆಗಸ್ಟ್ ಎರಡರಂದು ಇರಾಕಿ ಸೈನ್ಯ ನುಗ್ಗಿತು. ಸೆಪ್ಟೆಂಬರಿನಲ್ಲಿ ನಾವು ಕೆಲವರು ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನಿಗೆ ಹೊರಡುವುದೆಂದು ತೀರ್ಮಾನವಾಯಿತು. ಅಲ್ಲಿಂದ ಬೊಂಬಾಯಿಗೆ ವಿಮಾನ. ನಾನು ಬ್ನೇದ್ ಅಲ್ ಗಾರಿಗೆ ಹೋಗಿ ಫೆಲಿಕ್ಸರಿಗೂ ಅವರ ಹೆಂಡತಿ ಜೂಲಿಬಾಯಿಗೂ ಹೊರಡಿ ಎಂದು ಅಂಗಲಾಚಿದೆ. ಜೂಲಿಬಾಯಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದರು.

"ಆ ಮರಳಿನಲ್ಲಿ, ಗಡಿಯ ಡೇರೆಯಲ್ಲಿ, ನನ್ನನ್ನು ಕಕ್ಕಸಿಗೆ ಯಾರು ಹೊತ್ಕೊಂಡು ಹೋಗುದು ಸದಾನಂದಣ್ಣ? ಮತ್ತೆ ಇವಳ ವಾರ್ಡಿನಲ್ಲಿ ಹೆರಿಗೆಯವರು ಇದ್ದಾರೆ. ನೀವು ಹೋಗಿ ಬನ್ನಿ," ಎಂದರು ಫೆಲಿಕ್ಸ್. ಜೂಲಿಬಾಯಿ ನನಗೆ ದಾರಿಗೆಂದು ಚಪಾತಿ ಕಟ್ಟಿಕೊಟ್ಟರು. ನಾನು ಹೋದೆ.

ಊರಿನಲ್ಲಿದ್ದ ಅಷ್ಟೂ ತಿಂಗಳು ರೇಡಿಯೋಗೆ ಕಿವಿ ಹಚ್ಚಿ ಕುಳಿತಿದ್ದೆ. 1991ರ ಫೆಬ್ರವರಿ ಕೊನೆಯಲ್ಲಿ ಕುವೈತ್ ಬಿಡುಗಡೆಯಾಯಿತು. ಕಫೀಲ್ ಕರೆಸಿಕೊಂಡದ್ದು ಜೂನ್‌ನಲ್ಲಿ. ಇಳಿದಾಗ ಮಧ್ಯಾಹ್ನ, ಆದರೆ ಕಾರುಗಳೆಲ್ಲ ಹೆಡ್‌ಲೈಟ್ ಹಾಕಿಕೊಂಡು ಓಡುತ್ತಿದ್ದವು. ದಕ್ಷಿಣದಲ್ಲಿ ತೈಲಬಾವಿಗಳು ಇನ್ನೂ ಉರಿಯುತ್ತಿದ್ದವು, ಹೊಗೆ ಆಕಾಶವನ್ನು ಮುಚ್ಚಿತ್ತು. ಒಗೆದು ಒಣಗಿಸಿದ ಅಂಗಿಯ ಮೇಲೆ ಕಪ್ಪು ಚುಕ್ಕೆ ಬೀಳುತ್ತಿತ್ತು.

ಫೆಲಿಕ್ಸ್ ಬದುಕಿದ್ದರು. ತಲೆ ಪೂರಾ ನೆರೆತಿತ್ತು. ಆ ಏಳು ತಿಂಗಳ ಕತೆಯನ್ನು ಅವರಿಗಿಂತ ಹೆಚ್ಚು ಜೂಲಿಬಾಯಿಯೇ ಹೇಳಿದರು. ಬಸ್ಸುಗಳು ನಿಂತುಹೋದ ಮೇಲೆ ಇವರು ತಮ್ಮ ಕಾರಿನಲ್ಲಿ ಹೆಂಡತಿಯನ್ನೂ ಸುತ್ತಮುತ್ತಲಿನ ಫ್ಲ್ಯಾಟುಗಳ ನರ್ಸುಗಳನ್ನೂ ದಿನವೂ ಆಸ್ಪತ್ರೆಗೆ ಬಿಟ್ಟು ಕರೆತರುತ್ತಿದ್ದರಂತೆ. ಅಷ್ಟರಲ್ಲಿ ಇರಾಕಿಗಳ ಆಜ್ಞೆ ಬಂತು: ಕುವೈತಿ ನಂಬರ್ ಪ್ಲೇಟುಗಳನ್ನು ಒಪ್ಪಿಸಿ ಇರಾಕಿ ಪ್ಲೇಟ್ ಹಾಕಿಸಬೇಕು, ಇಲ್ಲದಿದ್ದರೆ ಪೆಟ್ರೋಲ್ ಇಲ್ಲ. ಕುವೈತಿಗಳಲ್ಲಿ ಎಷ್ಟೋ ಜನ ಇದಕ್ಕೆ ಸೊಪ್ಪು ಹಾಕಲಿಲ್ಲ. ಪ್ಲೇಟ್ ಕೊಟ್ಟರೆ ದೇಶವನ್ನೇ ಬಿಟ್ಟುಕೊಟ್ಟಂತೆ ಎಂದು ಕಾರನ್ನು ಮನೆಯಲ್ಲೇ ನಿಲ್ಲಿಸಿ ನಡೆದಾಡಿದರು. ಫೆಲಿಕ್ಸರಿಗೆ ನಡೆಯುವ ದಾರಿ ಇರಲಿಲ್ಲ. ಅವರು ಹೋಗಿ ಪ್ಲೇಟ್ ಕೊಟ್ಟರು. ಬಗ್ಗಲಾಗದ ಇವರ ಬದಲಿಗೆ ಒಬ್ಬ ಎಳೆಯ ಸೈನಿಕನೇ ತಿರುಪು ಬಿಚ್ಚಿಕೊಂಡನಂತೆ.

ಬಿಡುಗಡೆಯ ನಂತರ ಕಾರಿಗೆ ಹೊಸ ಕುವೈತಿ ನಂಬರು ಸಿಕ್ಕಿತ್ತು. ಉಳಿದದ್ದು ಪಾರ್ಕಿಂಗ್ ಕಾರ್ಡ್. ಅದರ ಅವಧಿ ಮುಗಿದಿತ್ತು, ಅದರ ಮೇಲಿದ್ದದ್ದೂ ಹಳೆಯ ನಂಬರು. ಈಗ ಸಂಸ್ಥೆ ನೋಡಿಕೊಳ್ಳುತ್ತಿದ್ದವನು ಕಫೀಲರ ಅಣ್ಣನ ಮಗ. ಅವನು ಅಂಗಡಿ ಲೂಟಿಯಾದ ಸಂಕಟದಲ್ಲಿದ್ದ. "ಲೆಕ್ಕ ಬರೆಯಲು ಫೆಲಿಕ್ಸ್ ಬರಲಿ. ಆದರೆ ದಿನಾ ಹೊತ್ತು ತರಲು ನನ್ನಲ್ಲಿ ಜನರಿಲ್ಲ. ವರ್ಷದ ಕೊನೆಯವರೆಗೆ ನೋಡುತ್ತೇನೆ," ಎಂದ. ಕಾರ್ಡ್ ಆಗದಿದ್ದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಇಕಾಮಾ ರದ್ದು. ಊರಿನ ಆ ಮೂಲೆ ಫೆಲಿಕ್ಸರನ್ನು ಕಾಯುತ್ತಿತ್ತು.

ಜುಲೈಯಲ್ಲಿ ಅವರನ್ನು ಕರೆದುಕೊಂಡು ಹೋದೆ. ಹೋಗುವ ದಾರಿಯಲ್ಲೇ ಹೇಳಿಕೊಟ್ಟೆ: "ಹಳೇ ಪ್ಲೇಟ್ ಎಲ್ಲಿ ಅಂತ ಕೇಳಿದ್ರೆ ಇರಾಕಿಗಳು ಕದ್ದುಕೊಂಡು ಹೋದ್ರು ಅಂತ ಹೇಳುದು. ಅಷ್ಟೇ. ಹೆಚ್ಚು ಮಾತಾಡ್ಲಿಕ್ಕೆ ಇಲ್ಲ." ಕುವೈತಿನ ಅರ್ಧ ಕಾರುಗಳನ್ನೇ ಕದ್ದವರು ಒಂದು ಪ್ಲೇಟ್ ಕದ್ದರೆಂದರೆ ಯಾರೂ ಅನುಮಾನಿಸುತ್ತಿರಲಿಲ್ಲ. ಎಲ್ಲ ಮಂದೂಬರೂ ಹಾಗೆಯೇ ಹೇಳಿಸುತ್ತಿದ್ದರು. ಫೆಲಿಕ್ಸ್ ತಲೆಯಾಡಿಸಿದರು.

ಕೌಂಟರಿನಲ್ಲಿ ಅದೇ ಅಬೂ ಫಹದ್. ಗುರುತೇ ಸಿಗದಷ್ಟು ಇಳಿದುಹೋಗಿದ್ದರು, ಗಡ್ಡ ಬೆಳೆದಿತ್ತು. "ಶ್ಲೋನಕ್, ಅಬೂ ಫಹದ್? ಶ್ಲೋನ್ ಅಲ್ ಅಹಲ್?" ಎಂದು ನಾನು ಎಂದಿನಂತೆ ಒಂದೇ ಉಸಿರಿನಲ್ಲಿ ಕೇಳಿದೆ. ಮೊದಲನೆಯದಕ್ಕೆ ಅಲ್‌ಹಮ್ದುಲಿಲ್ಲಾ ಎಂದರು. ಮನೆಯವರ ಪ್ರಶ್ನೆಗೆ ಉತ್ತರ ಬರಲಿಲ್ಲ, ಕೈ ಚಾಚಿ ಫೈಲು ತೆಗೆದುಕೊಂಡರು. ಅವಸರದಲ್ಲಿದ್ದಾರೆ ಎಂದುಕೊಂಡೆ.

"ಕಾರ್ಡಿನಲ್ಲಿ ಒಂದು ನಂಬರು, ಕಾರಿನಲ್ಲಿ ಇನ್ನೊಂದು. ಹಳೆಯ ಪ್ಲೇಟ್ ಎಲ್ಲಿ?"

"ಇರಾಕಿಗಳು ಕದ್ದುಕೊಂಡು ಹೋದರು," ಎಂದು ನಾನೇ ಉತ್ತರಿಸಿದೆ.

"ಕಳ್ಳರು!" ಅಬೂ ಫಹದ್ ಸೀಲನ್ನು ಎತ್ತಿ ಶಾಯಿಗೆ ಒತ್ತಿದರು. ಒತ್ತಿದವರು ಹಾಗೇ ತಡೆದು ಫೆಲಿಕ್ಸರನ್ನು ನೋಡಿದರು. ಹಳೆಯ ನಗುವಿನ ಸ್ವಲ್ಪ ಭಾಗ ಮುಖಕ್ಕೆ ಬಂದಿತ್ತು. "ಕಾಲಿಲ್ಲದ ನಿನ್ನನ್ನೂ ಬಿಡಲಿಲ್ಲವಲ್ಲ. ನನ್ನ ತಮ್ಮನಿಗೂ ಹೀಗೇ. ಚೆಕ್‌ಪಾಯಿಂಟಿನಲ್ಲಿ ನಿಲ್ಲಿಸಿ ಪ್ಲೇಟ್ ಬಿಚ್ಚು ಅಂದರಂತೆ. ಬಿಚ್ಚುವುದಿಲ್ಲ ಅಂದ. ಅವನನ್ನು ಕರೆದುಕೊಂಡು ಹೋದರು. ಇನ್ನೂ ಮನೆಗೆ ಬಂದಿಲ್ಲ."

ನಾನು ದೇವರು ದೊಡ್ಡವನು, ಬರುತ್ತಾರೆ ಎಂದೇನೋ ಹೇಳುತ್ತಿದ್ದೆ. ಅಷ್ಟರಲ್ಲಿ ಕೆಳಗೆ ಕುರ್ಚಿಯಿಂದ ಫೆಲಿಕ್ಸರ ಸ್ವರ ಕೇಳಿಸಿತು, ಅವರ ಹರುಕು ಅರಬ್ಬಿಯಲ್ಲಿ.

"ಕದ್ದದ್ದಲ್ಲ. ನಾನೇ ಕೊಟ್ಟೆ."

ನಾನು ಗಾಲಿಕುರ್ಚಿಯ ಹಿಡಿಯನ್ನು ಜೋರಾಗಿ ಅಲುಗಿಸಿದೆ. ಮನುಷ್ಯ ನಿಲ್ಲಿಸಲಿಲ್ಲ. "ಪೆಟ್ರೋಲಿಗಾಗಿ ಕೊಟ್ಟೆ. ನನಗೆ ಕಾಲು ಅಂತ ಉಳಿದದ್ದು ಆ ಕಾರು ಒಂದೇ. ನಿಮ್ಮ ತಮ್ಮನಷ್ಟು ಧೈರ್ಯ ನನಗೆ ಇರಲಿಲ್ಲ. ಕ್ಷಮಿಸಿ."

ಅಬೂ ಫಹದ್ ಸೀಲನ್ನು ಕೆಳಗಿಟ್ಟರು. ಶಾಯಿಯ ಡಬ್ಬಿ ಮುಚ್ಚಿದರು. ಅರ್ಜಿಯನ್ನು ನಮಗೆ ಹಿಂದಿರುಗಿಸದೆ ತಮ್ಮ ಮೇಜಿನ ಡ್ರಾಯರಿಗೆ ಹಾಕಿದರು. "ನನ್ನ ತಮ್ಮ ಬಂದ ಮೇಲೆ ಬಾ," ಎಂದರು. ನಾನು ಬಾಯಿ ತೆರೆದೆ. "ಖಲಾಸ್," ಎಂದು ನಮ್ಮ ಹಿಂದಿನವನನ್ನು ಕರೆದರು.

ಹೊರಗೆ ಕಾರಿನಲ್ಲಿ ಕೂತ ಮೇಲೆ ನನ್ನ ಬಾಯಿಗೆ ಲಗಾಮು ಇರಲಿಲ್ಲ. "ಅದು ಕೌಂಟರ್ ಮಾರಾಯ್ರೇ, ನಿಮ್ಮ ಇಗರ್ಜಿಯ ಕುಮ್ಸಾರ್ ಅಲ್ಲ! ಪಾಪ ಹೇಳಿಕೊಳ್ಳಲಿಕ್ಕೆ ನಿಮಗೆ ಶುಕ್ರವಾರ ಪಾದ್ರಿ ಸಿಗುದಿಲ್ವಾ? ಸೀಲು ಇನ್ನೇನು ಬೀಳುದರಲ್ಲಿತ್ತು! ತಲೆ ಸರಿ ಉಂಟಾ ನಿಮಗೆ?"

ಫೆಲಿಕ್ಸ್ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. "ತಮ್ಮನ ವಿಷಯ ಹೇಳಿದ ಮೇಲೆ ಹೇಗೆ ಸುಮ್ಮನೆ ಇರುದು ಸದಾನಂದಣ್ಣ? ಅವರು ನನ್ನನ್ನೂ ಆ ಹುಡುಗನನ್ನೂ ಒಂದೇ ಸಾಲಿಗೆ ಸೇರಿಸಿಬಿಟ್ರು. ಅದು ಅವನ ಜಾಗ. ನಾನು ಅಲ್ಲಿ ಕೂತ್ಕೊಳ್ಳುದು ಹೇಗೆ?"

ಬೈಯುವುದನ್ನು ನಿಲ್ಲಿಸಿದೆ. ಸಿಟ್ಟು ಮಾತ್ರ ವಾರಗಟ್ಟಲೆ ಇಳಿಯಲಿಲ್ಲ.

ಅಲ್ಲಿಂದ ಮುಂದೆ ಫೆಲಿಕ್ಸ್ ಕಾರನ್ನು ಮರಳು ಮೈದಾನದಲ್ಲಿ ನಿಲ್ಲಿಸುತ್ತಿದ್ದರು. ನಾನಿದ್ದರೆ ನಾನು, ಇಲ್ಲದಿದ್ದರೆ ಕಾವಲುಗಾರ, ಕುರ್ಚಿಯನ್ನು ಎಳೆದುಕೊಂಡು ಬರುವುದು. ನಮಗೆ ಬಿಡುವಾಗುವವರೆಗೆ ಅವರು ಕಿಟಕಿ ಇಳಿಸಿ, ಆ ಬಿಸಿಲು ಹೊಗೆಯಲ್ಲಿ ಕಾಯುತ್ತ ಕೂರುತ್ತಿದ್ದರು. ಒಮ್ಮೆ ನಾವಿಬ್ಬರೂ ತಡವಾದಾಗ ತಾವೇ ಇಳಿಯಲು ಹೋಗಿ ಬಿದ್ದರು. ನಾನು ಹೋಗಿ ನೋಡುವಾಗ ಬೆಂದ ಮರಳಿನಲ್ಲಿ ಮೊಣಕೈಯೂರಿ ಕುಳಿತಿದ್ದರು. ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ಎತ್ತಿ ಕೂರಿಸಿದಾಗ ನನ್ನ ಮುಖ ನೋಡದೆ, "ಜೂಲಿಗೆ ಹೇಳ್ಬೇಡಿ," ಎಂದರು. ಆ ದಿನ ನಾನು ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ನಡುನಡುವೆ ಆ ಕಚೇರಿಗೆ ಬೇರೆಯವರ ಫೈಲು ಹಿಡಿದು ಹೋಗುತ್ತಿದ್ದೆ. ಅಬೂ ಫಹದ್ ಮಾತಿಲ್ಲದೆ ಅವುಗಳಿಗೆ ಸೀಲು ಹೊಡೆಯುತ್ತಿದ್ದರು. ಫೆಲಿಕ್ಸರ ಹೆಸರೆತ್ತುವ ಧೈರ್ಯ ಬರುತ್ತಿರಲಿಲ್ಲ. ಬೇರೊಬ್ಬ ಅಧಿಕಾರಿಯ ಮೂಲಕ ಮಾಡಿಸೋಣವೆಂದರೆ ಮೂಲ ಅರ್ಜಿ ಅವರ ಡ್ರಾಯರಿನಲ್ಲೇ ಇತ್ತು. ಸೆಪ್ಟೆಂಬರ್ ಕಳೆಯಿತು. ಫೆಲಿಕ್ಸ್ ಕಾರು ಮಾರುವ ಮಾತಾಡತೊಡಗಿದರು.

ಅಕ್ಟೋಬರಿನ ಒಂದು ಬೆಳಿಗ್ಗೆ ಹೋದಾಗ ಅಬೂ ಫಹದ್ ಕುರ್ಚಿ ಖಾಲಿಯಿತ್ತು. ಪಕ್ಕದ ಗುಮಾಸ್ತ ನನ್ನನ್ನು ಕೈಸನ್ನೆ ಮಾಡಿ ಕರೆದು ಒಂದು ಲಕೋಟೆ ಕೊಟ್ಟ. ಒಳಗೆ ಫೆಲಿಕ್ಸರ ಹೊಸ ಪಾರ್ಕಿಂಗ್ ಕಾರ್ಡ್! ಹೊಸ ನಂಬರು, ಸೀಲು, ಸಹಿ, ಎಲ್ಲ ಇತ್ತು.

"ಅಬೂ ಫಹದ್ ಈಗಷ್ಟೇ ಇದನ್ನು ಮುಗಿಸಿ ಎದ್ದು ಹೋದರು. ಆ ಕಾಲಿಲ್ಲದ ಇಂಡಿಯನ್‌ಗೆ ಕೊಡು, ನನ್ನ ತಮ್ಮ ಬಂದ ಅಂತ ಹೇಳು ಅಂದರು," ಎಂದ.

"ತಮ್ಮ ಬಂದರಾ? ಅಲ್‌ಹಮ್ದುಲಿಲ್ಲಾ! ಯಾವಾಗ?" ಎಂದು ಸಂತೋಷದಿಂದ ಕೂಗಿಯೇ ಬಿಟ್ಟೆ.

ಅವನು ಸ್ವರ ತಗ್ಗಿಸಿದ. "ಬೆಳಿಗ್ಗೆ ಫೋನ್ ಬಂತು. ಮರುಭೂಮಿಯಲ್ಲಿ ಹೂತಿದ್ದ ದೇಹ ಸಿಕ್ಕಿದೆ. ಇವತ್ತು ಸಂಜೆ ಮಣ್ಣು ಮಾಡುತ್ತಾರೆ."

ಫೋನು ಇಟ್ಟ ಮೇಲೆ ಆ ಮನುಷ್ಯ ಸೀದಾ ಎದ್ದು ಓಡಿಲ್ಲ. ಡ್ರಾಯರು ತೆರೆದು, ಅರ್ಜಿ ತೆಗೆದು, ಕಾರ್ಡು ಬರೆದು, ಸೀಲು ಹೊಡೆದು ಹೋಗಿದ್ದಾರೆ. ತಮ್ಮ ಬಂದ ಮೇಲೆ ಬಾ ಎಂದು ಮಾತು ಕೊಟ್ಟಿದ್ದರಲ್ಲ. ಲಕೋಟೆ ಹಿಡಿದು ನಾನು ಸೀದಾ ಫೆಲಿಕ್ಸರ ಹತ್ತಿರ ಹೋದೆ.

ಫೆಲಿಕ್ಸ್ ಕಾರ್ಡನ್ನು ಗಾಜಿಗೆ ಹಾಕಲಿಲ್ಲ. ನಾನು ಎಲ್ಲ ಹೇಳಿದ ಮೇಲೆ ಅದನ್ನು ಅಂಗಿಯ ಜೇಬಿಗೆ ಹಾಕಿದರು. "ನಾಳೆ ಅವರ ಮನೆಗೆ ಹೋಗುವ," ಎಂದರು.

ಅಲ್ಲಿ ಮಣ್ಣು ಮಾಡಿದ ಮೇಲೆ ಮೂರು ದಿನ ಮನೆಯ ಗಂಡಸರು ಬೈಠಕ್ಕಿನ ಹಜಾರದಲ್ಲಿ ಸಾಲಾಗಿ ಕುಳಿತು ಸಂತಾಪ ಹೇಳಲು ಬಂದವರನ್ನು ಕಾಣುವ ಪದ್ಧತಿ. ಬೀದಿಯ ತುಂಬ ಕಾರುಗಳು. ಫೆಲಿಕ್ಸ್ ಜಾಗ ಸಿಗದೆ ಪಕ್ಕದ ಮನೆಯ ಗೇಟಿಗೆ ಅಡ್ಡವಾಗಿ ನಿಲ್ಲಿಸಿದರು. ಹಜಾರಕ್ಕೆ ಎತ್ತರದ ಮೆಟ್ಟಿಲುಗಳಿದ್ದವು. "ಹೊತ್ತುಕೊಂಡು ಹೋಗ್ತೇನೆ," ಎಂದೆ. "ಸಾವಿನ ಮನೆಗೆ ಹಾಗೆ ಹೋಗುದು ಬೇಡ. ನೀವು ಹೋಗಿ ನಾನು ಬಂದಿದ್ದೇನೆ ಅಂತ ಹೇಳಿ," ಎಂದರು.

ನಾನು ಒಳಗೆ ಹೋಗಿ ಸಾಲಿನಲ್ಲಿದ್ದ ಎಲ್ಲರ ಕೈ ಮುಟ್ಟಿ, ಅಬೂ ಫಹದ್ ಹತ್ತಿರ ಬಂದಾಗ ಹೇಳಿದೆ. ಅವರು ಎದ್ದು ನನ್ನ ಹಿಂದೆ ಮೆಟ್ಟಿಲಿಳಿದು ಬಂದರು. ಅಂಥ ಹೊತ್ತಿನಲ್ಲಿ ಮನೆಯ ಹಿರಿಯ ಸಾಲು ಬಿಟ್ಟು ಏಳುವುದಿಲ್ಲ. ಒಳಗಿದ್ದವರೆಲ್ಲ ತಿರುಗಿ ನೋಡಿದರು.

ಫೆಲಿಕ್ಸ್ ಕಿಟಕಿಯಿಂದ ಕೈ ಚಾಚಿ, ದೇವರು ನಿಮಗೆ ತಾಳಿಕೊಳ್ಳುವ ಶಕ್ತಿ ಕೊಡಲಿ ಎಂದು ಅರಬ್ಬಿಯಲ್ಲಿ ಹೇಳಿದರು. ಆ ಒಂದು ವಾಕ್ಯವನ್ನು ಹಿಂದಿನ ರಾತ್ರಿ ಜೂಲಿಬಾಯಿಯ ಹತ್ತಿರ ಕಲಿತಿದ್ದರು. ಅಬೂ ಫಹದ್ ಆ ಕೈಯನ್ನು ಬಿಡಲಿಲ್ಲ.

"ನನ್ನ ತಾಯಿ ನಿನ್ನೆಯಿಂದ ಒಂದೇ ಮಾತು ಹೇಳುತ್ತಿದ್ದಾಳೆ. ಆ ಪ್ಲೇಟ್ ಕೊಟ್ಟುಬಿಡಬಾರದಿತ್ತಾ ಅವನು, ಕೊಟ್ಟುಬಿಡಬಾರದಿತ್ತಾ, ಅಂತ," ಎಂದರು.

ಫೆಲಿಕ್ಸ್ ಅಳತೊಡಗಿದರು. ಆ ಕಲ್ಲುಗಳು ಬಿದ್ದಾಗಲೂ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿದ್ದ ಪೊಲೀಸಿನವನು ಗಾಡಿ ತೆಗೆಯಲು ಹೇಳುತ್ತ ಬಂದ. ಅಬೂ ಫಹದ್ ಅವನತ್ತ ತಿರುಗಿ, "ಇವನ ಹತ್ತಿರ ಕಾರ್ಡ್ ಇದೆ," ಎಂದರು. ಆಮೇಲೆ ಫೆಲಿಕ್ಸರಿಗೆ, ಕೌಂಟರಿನಲ್ಲಿ ಹೇಳುವ ಅದೇ ಗಡಸು ಸ್ವರದಲ್ಲಿ, "ಎಲ್ಲಿ ಅದು? ಹಾಕು," ಎಂದರು. ಫೆಲಿಕ್ಸ್ ಜೇಬಿನಿಂದ ತೆಗೆದು ಗಾಜಿನ ಕೆಳಗೆ ಇಟ್ಟರು. ಅದು ಹೊರಗಿನಿಂದ ಓದುವಂತಿದೆಯೇ ಎಂದು ಬಗ್ಗಿ ನೋಡಿ, ಅಬೂ ಫಹದ್ ಮೆಟ್ಟಿಲು ಹತ್ತಿ ಒಳಗೆ ಹೋದರು.

ಅದಾದ ಮೇಲೂ ನಾನು ಬಹಳ ವರ್ಷ ಮಂದೂಬ್ ಕೆಲಸ ಮಾಡಿದೆ. ಹೊಸಬರಿಗೆ ಮೊದಲ ಪಾಠವಾಗಿ ಹೇಳಿಕೊಟ್ಟದ್ದು ಆ ಎರಡು ಪ್ರಶ್ನೆಗಳನ್ನೇ: ಹೇಗಿದ್ದೀರಿ, ಮನೆಯವರು ಹೇಗಿದ್ದಾರೆ. ಅದರ ಜೊತೆಗೆ ಇನ್ನೊಂದು ಮಾತು ಸೇರಿಸುತ್ತಿದ್ದೆ. ಎರಡನೆಯ ಪ್ರಶ್ನೆ ಕೇಳಿದ ಮೇಲೆ ಫೈಲನ್ನು ಕಂಕುಳಲ್ಲೇ ಇಟ್ಟುಕೊಂಡು, ಉತ್ತರ ಬರುವವರೆಗೆ ನಿಲ್ಲು.